ಎಂಜಿಬಿ ಆಯಿಲ್ ಪ್ರೆಶರ್ ಗೇಜ್ ಮರುಜೋಡಿಸಿದ ಮೇಲೆ ಮುಳ್ಳು ಏಳದಿದ್ದರೆ: ದೋಷ ಹುಡುಕುವ ಕ್ರಮ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯ ಡ್ಯಾಶ್‌ಬೋರ್ಡ್ ಬಿಚ್ಚಿ ಬಣ್ಣ ಹಾಕಿಸಿ, ಮೀಟರುಗಳನ್ನೆಲ್ಲ ಮತ್ತೆ ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿದಿರಿ. ಆಯಿಲ್ ಪ್ರೆಶರ್ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲುತ್ತಿಲ್ಲ. ಮನಸ್ಸಿನಲ್ಲಿ ಹತ್ತು ಎಣಿಸಿ. ಅಷ್ಟರಲ್ಲಿ ಏಳದಿದ್ದರೆ ಎಂಜಿನ್ ಆಫ್ ಮಾಡಿ. "ಗೇಜೇ ಕೆಟ್ಟಿರಬೇಕು, ಶಬ್ದವೇನೂ ಇಲ್ಲವಲ್ಲ" ಎಂದು ಓಡಿಸಿ ನೋಡುವುದು ಬೇಡ. ಬೇರಿಂಗ್ ಶಬ್ದ ಮಾಡುವ ಹೊತ್ತಿಗೆ ಅದರ ಕತೆ ಮುಗಿದಿರುತ್ತದೆ.

ಯಾಂತ್ರಿಕ ಗೇಜ್ ಇರುವ ಎಂಜಿಬಿಯಲ್ಲಿ ಆಯಿಲ್‌ಗೆಂದು ಬೇರೆ ಎಚ್ಚರಿಕೆ ದೀಪವಿಲ್ಲ. ಡಯಲ್‌ನಲ್ಲಿರುವ ಕೆಂಪು ದೀಪ ಚಾರ್ಜಿಂಗ್‌ನದು. ಹಾಗಾಗಿ ಆ ಒಂದು ಮುಳ್ಳೇ ಸಾಕ್ಷಿ. ಎಂಜಿನ್‌ನಲ್ಲಿ ಪ್ರೆಶರ್ ಇದೆ ಎಂದು ಬೇರೆ ದಾರಿಯಲ್ಲಿ ಖಚಿತವಾಗುವವರೆಗೆ ಮುಳ್ಳು ನಿಜವನ್ನೇ ಹೇಳುತ್ತಿದೆ ಎಂದು ನಂಬಿ ಕೆಲಸ ಮಾಡಬೇಕು. ಖಚಿತವಾದ ಮೇಲಷ್ಟೇ ಗೇಜ್ ಮೇಲೆ ಅನುಮಾನ.

ಇಲ್ಲಿ ಹೇಳುವುದು 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ 1798 ಸಿಸಿ ಬಿ-ಸೀರೀಸ್ ಎಂಜಿನ್ನಿಗೆ, ಅದರಲ್ಲೂ ಆಯಿಲ್ ಪ್ರೆಶರ್ ಮತ್ತು ನೀರಿನ ಉಷ್ಣತೆ ಎರಡನ್ನೂ ಒಂದೇ ಡಯಲ್‌ನಲ್ಲಿ ತೋರಿಸುವ ಸ್ಮಿತ್ಸ್ ಜೋಡಿ ಗೇಜ್ ಇರುವ ಕಾರುಗಳಿಗೆ ಅನ್ವಯಿಸುತ್ತದೆ. 1968ರ ನಂತರ ಅಮೆರಿಕಕ್ಕೆ ಹೋದ ಕೆಲವು ಕಾರುಗಳಲ್ಲಿ ಕೆಲವು ವರ್ಷ ವಿದ್ಯುತ್ ಗೇಜ್ ಇತ್ತು. ಗೇಜ್ ಹಿಂದೆ ಪೈಪ್ ಇಲ್ಲದೆ ಬರೀ ವೈರ್ ಇದ್ದರೆ ನಿಮ್ಮದು ಆ ಜಾತಿ, ಅದರ ಪರೀಕ್ಷೆ ಬೇರೆ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಬಿ-ಸೀರೀಸ್ ಕುಟುಂಬದ್ದೇ. ಅದಕ್ಕೆ ಹೊರಗಿನ ಗೇಜ್ ಹಾಕಿಕೊಂಡವರಿಗೆ ಬೇಕಾದ ಮಾತು ಕೊನೆಯ ಭಾಗದಲ್ಲಿದೆ.

ಗೇಜ್ ಒಳಗೆ ಏನಿದೆ

ಗೇಜ್ ಒಳಗೆ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ, ಚಪ್ಪಟೆಯಾದ ತೆಳು ಲೋಹದ ಕೊಳವೆ ಇದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಆಯಿಲ್ ಒತ್ತಡ ಒಳಗೆ ನುಗ್ಗಿದಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಕೂದಲೆಳೆಯಷ್ಟು ಸರಿಯುತ್ತದೆ, ಸಣ್ಣ ಕೊಂಡಿ ಆ ಚಲನೆಯನ್ನು ಮುಳ್ಳಿನ ತಿರುವಾಗಿ ಬದಲಿಸುತ್ತದೆ. ಬ್ಯಾಟರಿ, ಅರ್ತ್, ಫ್ಯೂಸ್ ಯಾವುದಕ್ಕೂ ಇಲ್ಲಿ ಕೆಲಸವಿಲ್ಲ. ಗೇಜ್ ಹಿಂದಿರುವ ವೈರ್ ರಾತ್ರಿ ದೀಪದ್ದು. ದೀಪ ಉರಿಯದಿದ್ದರೂ ಮುಳ್ಳು ಏಳಬೇಕು.

ದಾರಿ ಹೀಗಿದೆ: ಎಂಜಿನ್ ಬ್ಲಾಕ್‌ನ ಬಲಬದಿ ಹಿಂಭಾಗದಲ್ಲಿ ಆಯಿಲ್ ಗ್ಯಾಲರಿಗೆ (ಬ್ಲಾಕ್ ಒಳಗೆ ಆಯಿಲ್ ಹರಿಯುವ ಮುಖ್ಯ ದಾರಿ) ತೆರೆದುಕೊಳ್ಳುವ ರಂಧ್ರ, ಅಲ್ಲಿಂದ ರಬ್ಬರಿನ ಬಾಗುವ ಹೋಸ್, ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಲೋಹದ ಗೋಡೆ) ಹತ್ತಿರದ ಜಾಯಿಂಟ್, ಅಲ್ಲಿಂದ ಸಣ್ಣ ಲೋಹದ ಪೈಪ್, ಕೊನೆಗೆ ಗೇಜ್. ಬಲ, ಎಡ ಎಂದಾಗಲೆಲ್ಲ ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುವ ಲೆಕ್ಕ.

ಪೈಪ್ ಒಳಗೆ ಗಾಳಿ ಉಳಿದರೆ ಗೇಜ್ ತಪ್ಪು ತೋರಿಸುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಬಹಳ ಓಡಾಡುತ್ತದೆ. ಅದು ನಿಜವಲ್ಲ. ಆಯಿಲ್ ಗಾಳಿಯನ್ನು ಒತ್ತುತ್ತದೆ, ಗಾಳಿ ಅಷ್ಟೇ ಬಲದಿಂದ ಗೇಜನ್ನು ಒತ್ತುತ್ತದೆ. ಗೇಜ್ ಬ್ಲಾಕ್‌ಗಿಂತ ಅರ್ಧ ಮೀಟರ್ ಎತ್ತರದಲ್ಲಿದ್ದರೂ ಆ ಆಯಿಲ್ ಕಂಬದ ಭಾರ ಸುಮಾರು 0.6 ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಮಾತ್ರ, ಡಯಲ್ ಮೇಲೆ ಅದು ಕಾಣಿಸುವುದೂ ಇಲ್ಲ. ಗಾಳಿಯಿಂದ ಆಗುವುದಿಷ್ಟೇ: ಮುಳ್ಳು ಏಳುವುದು ಸ್ವಲ್ಪ ನಿಧಾನ. ಆದ್ದರಿಂದ ಮುಳ್ಳು ಸೊನ್ನೆಯಲ್ಲೇ ಇದ್ದರೆ ಕಾರಣ ಗಾಳಿಯಲ್ಲ.

ಎಷ್ಟು ತೋರಿಸಬೇಕು

ಎಂಜಿನ್ ಬಿಸಿಯಾಗಿ ರಸ್ತೆಯಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ, ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 10ರಿಂದ 25. ನಮ್ಮಲ್ಲಿ ಸಿಗುವ ಹಲವು ಗೇಜುಗಳು ಕೆಜಿ ಪ್ರತಿ ಚದರ ಸೆಂಟಿಮೀಟರ್ ಲೆಕ್ಕದಲ್ಲಿರುತ್ತವೆ. ಅದನ್ನು 14.2ರಿಂದ ಗುಣಿಸಿದರೆ ಪಿಎಸ್‌ಐ ಬರುತ್ತದೆ. ಅಂದರೆ ಓಡುವಾಗ 3.5ರಿಂದ 5.6, ಐಡ್ಲಿಂಗ್‌ನಲ್ಲಿ 0.7ರಿಂದ 1.8. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದ ಕೂಡಲೇ 60 ದಾಟಿದರೆ ಗಾಬರಿ ಬೇಡ, ಆಯಿಲ್ ಗಟ್ಟಿ ಇರುವಾಗ ಅದು ಸಹಜ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ 15 ತೋರಿಸಿ ಆಕ್ಸಿಲರೇಟರ್ ಒತ್ತಿದಾಗ ಸಲೀಸಾಗಿ 50 ದಾಟುವ ಎಂಜಿನ್ ಆರೋಗ್ಯವಾಗಿದೆ.

ಸ್ಪ್ಯಾನರ್ ಹಿಡಿಯುವ ಮುನ್ನ

ಡಿಪ್‌ಸ್ಟಿಕ್ ನೋಡಿ. ಹಾಸ್ಯಕ್ಕೆ ಹೇಳುತ್ತಿಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಯಾರೋ ಆಯಿಲ್ ಇಳಿಸಿ ತುಂಬುವುದನ್ನು ಮರೆತಿರುವ ಸಾಧ್ಯತೆ ಇದ್ದೇ ಇದೆ. ಫಿಲ್ಟರ್ ಸೇರಿ ಈ ಎಂಜಿನ್ನಿಗೆ ಸುಮಾರು 4.26 ಲೀಟರ್ ಬೇಕು, ಆಯಿಲ್ ಕೂಲರ್ ಇದ್ದರೆ ಇನ್ನೂ ಸ್ವಲ್ಪ. 20ಡಬ್ಲ್ಯು-50 ಹಾಕಿ. ಈಗಿನ ಕಾರುಗಳ ನೀರಿನಂಥ ತೆಳು ಆಯಿಲ್ ಹಾಕಿದ್ದರೆ ಬಿಸಿಯಾದ ಮೇಲೆ ಮುಳ್ಳು ಇಳಿದು ಕೂರುವುದು ಗೇಜಿನ ತಪ್ಪಲ್ಲ.

ಆಮೇಲೆ ಬ್ಯಾಟರಿಯ ಅರ್ತ್ ತೆಗೆಯಿರಿ. ಮೊದಲ ಮಾದರಿಯ ಎಂಜಿಬಿಗಳಲ್ಲಿ ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ ಮತ್ತು ಅರ್ತ್ ಆಗಿರುವುದು ಪ್ಲಸ್ ತುದಿ. ಅಭ್ಯಾಸಬಲದಿಂದ ಮೈನಸ್ ತೆಗೆಯಲು ಹೋದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಯಾವ ಕೇಬಲ್ ಬಾಡಿಗೆ ಬೋಲ್ಟ್ ಆಗಿದೆಯೋ ಅದನ್ನೇ ತೆಗೆಯಬೇಕು. ಡ್ಯಾಶ್ ಹಿಂದೆ ಕೈ ಹಾಕುವ ಕೆಲಸ ಮುಗಿಯುವವರೆಗೆ ಅದು ತೆಗೆದೇ ಇರಲಿ, ಎಂಜಿನ್ ತಿರುಗಿಸಿ ನೋಡುವಾಗ ಮಾತ್ರ ಜೋಡಿಸಿ.

ಪೈಪ್ ದಾರಿಯನ್ನು ತುಂಡು ಮಾಡಿ ಹುಡುಕುವುದು

ಎಂಜಿನ್ ತಣ್ಣಗಿರಲಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಾಯಿಲ್‌ಗೆ ಬರುವ ಸಣ್ಣ ವೈರ್ ಎಳೆದಿಡಿ. ಪ್ಲಗ್ ಇಲ್ಲದಿದ್ದರೆ ಸ್ಟಾರ್ಟರ್ ಎಂಜಿನ್ನನ್ನು ಹಗುರವಾಗಿ, ಜೋರಾಗಿ ತಿರುಗಿಸುತ್ತದೆ, ಬೇರಿಂಗ್ ಮೇಲೆ ಭಾರವೂ ಬೀಳುವುದಿಲ್ಲ. 10 ಸೆಕೆಂಡ್ ತಿರುಗಿಸಿ, ಅರ್ಧ ನಿಮಿಷ ಬಿಡಿ, ಮತ್ತೆ ತಿರುಗಿಸಿ. ಜೋಡಣೆ ಸರಿಯಿದ್ದರೆ ಮೂರು ನಾಲ್ಕು ಸುತ್ತಿನೊಳಗೆ ಮುಳ್ಳು ಮೇಲೇಳುತ್ತದೆ. ಎದ್ದರೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದು.

ಏಳದಿದ್ದರೆ ಮಧ್ಯದಿಂದ ಶುರು ಮಾಡಿ. ಫೈರ್‌ವಾಲ್ ಹತ್ತಿರದ ಜಾಯಿಂಟ್ ಸಡಿಲಿಸಿ, ಹೋಸಿನ ತುದಿಯನ್ನು ಹಳೆಯ ಡಬ್ಬಿಯೊಳಗೆ ಇಳಿಸಿ, ಇನ್ನೊಬ್ಬರಿಗೆ ಸ್ಟಾರ್ಟರ್ ತಿರುಗಿಸಲು ಹೇಳಿ. ಆಯಿಲ್ ಚಿಮ್ಮಿ ಬಂದರೆ ಪಂಪ್, ಗ್ಯಾಲರಿ, ಹೋಸ್ ಮೂರೂ ಸರಿಯಿವೆ, ದೋಷ ಡ್ಯಾಶ್ ಕಡೆಯದು. ಆ ಜಾಯಿಂಟ್ ಮತ್ತೆ ಬಿಗಿಸಿ, ಗೇಜ್ ತುದಿಯ ನಟ್ಟನ್ನು ಎರಡು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಒತ್ತಿ ಹಿಡಿದು ಮತ್ತೆ ತಿರುಗಿಸಿ. ಅಲ್ಲಿಗೂ ಆಯಿಲ್ ಬಂದರೆ ಪೈಪ್ ತೆರೆದಿದೆ, ಕಟ್ಟಿರುವುದು ಗೇಜಿನ ಬಾಯಿ ಅಥವಾ ಗೇಜೇ ಕೆಟ್ಟಿದೆ.

ಮಧ್ಯದ ಜಾಯಿಂಟಿಗೇ ಆಯಿಲ್ ಬರದಿದ್ದರೆ ಹೋಸನ್ನು ಬ್ಲಾಕ್ ತುದಿಯಲ್ಲಿ ಬಿಚ್ಚಿ. ಬ್ಲಾಕ್‌ನ ರಂಧ್ರದಿಂದ ಆಯಿಲ್ ಬಂದರೆ ಹೋಸ್ ಒಳಗೆ ಮುಚ್ಚಿಕೊಂಡಿದೆ. ಹಳೆಯ ರಬ್ಬರ್ ಹೋಸ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರ ಊದಿ ದಾರಿ ಮುಚ್ಚಿರಬಹುದು. ಊದಿ ನೋಡಿ, ಗಾಳಿ ಸರಾಗವಾಗಿ ಹೋಗದಿದ್ದರೆ ಎಸೆಯಿರಿ. ಬ್ಲಾಕ್‌ನ ರಂಧ್ರದಲ್ಲೂ ಆಯಿಲ್ ಇಲ್ಲದಿದ್ದರೆ ತೆಳು ತಂತಿಯನ್ನು ಮೆಲ್ಲಗೆ ಒಳಗೆ ಆಡಿಸಿ. ಅಡಾಪ್ಟರಿನ ಸಣ್ಣ ತೂತಿನಲ್ಲಿ ಕಪ್ಪು ಕೆಸರು ಕಟ್ಟಿರುವುದುಂಟು. ತೂತು ತೆರೆದಿದ್ದೂ ಆಯಿಲ್ ಬಾರದಿದ್ದರೆ ಇದು ಗೇಜಿನ ಸಮಸ್ಯೆಯೇ ಅಲ್ಲ, ಪಂಪ್ ಆಯಿಲ್ ಹಿಡಿಯುತ್ತಿಲ್ಲ. ಸ್ಟಾರ್ಟ್ ಮಾಡುವ ಯೋಚನೆ ಬಿಟ್ಟು ಆ ಕಡೆ ನೋಡಿ.

ಎಂಜಿನ್ ತಲೆಯ ಮೇಲಿನ ರಾಕರ್ ಕವರ್‌ನ ಮುಚ್ಚಳ ತೆಗೆದು "ಮೇಲೆ ಆಯಿಲ್ ಒದ್ದೆ ಕಾಣುತ್ತಿದೆ, ಪ್ರೆಶರ್ ಇದೆ" ಎಂದು ತೀರ್ಮಾನಿಸುವವರಿದ್ದಾರೆ. ಅಲ್ಲಿ ಕಾಣುವುದು ಆಯಿಲ್ ತಲುಪಿದೆ ಎಂಬುದಷ್ಟೇ, ಎಷ್ಟು ಒತ್ತಡದಲ್ಲಿ ಎಂಬುದಲ್ಲ.

ಗೇಜ್ ಬಾಯಿ: ಹೆಚ್ಚಿನ ತಪ್ಪುಗಳು ಇಲ್ಲೇ

ಪೈಪಿನ ನಟ್ಟು ಗೇಜ್ ಹಿಂದಿನ ಗಿಡ್ಡ ಹಿತ್ತಾಳೆ ಮೂತಿಗೆ ಕೂರುತ್ತದೆ. ನಟ್ಟಿನ ತಳದಲ್ಲಿ ಒಂದು ಪುಟ್ಟ ಚರ್ಮದ ವಾಷರ್ ಇರುತ್ತದೆ, ಆಯಿಲ್ ತಡೆಯುವುದು ಅದೇ. ಥ್ರೆಡ್ ಬರೀ ಬಿಗಿಯಲಿಕ್ಕೆ. ಹಳೆಯ ವಾಷರ್ ಕಪ್ಪಗಾಗಿ, ಒಣಗಿದ ಅಡಿಕೆ ಸಿಪ್ಪೆಯಂತೆ ಗಟ್ಟಿಯಾಗಿ ನಟ್ಟಿನ ತಳಕ್ಕೆ ಅಂಟಿಕೊಂಡಿರುತ್ತದೆ. ಲೋಹದ ತಳವೇ ಅದು ಎಂದುಕೊಂಡು ಅದರ ಮೇಲೆ ಹೊಸದನ್ನು ಕೂರಿಸುತ್ತಾರೆ. ಎರಡು ವಾಷರ್ ಆದಾಗ ನಟ್ಟಿಗೆ ಸಿಗುವುದು ಒಂದೂವರೆ ಸುತ್ತು ಥ್ರೆಡ್ ಮಾತ್ರ. ಬಿಗಿದಂತೆ ಹಳೆಯ ವಾಷರಿನ ತೂತು ಹಿಂಡಿ ಮುಚ್ಚಿಕೊಳ್ಳುತ್ತದೆ, ಮುಳ್ಳು ಏಳುವುದಿಲ್ಲ. ಸೂಜಿಯಿಂದ ತಳ ಕೆರೆದು, ಟಾರ್ಚ್ ಹಾಕಿ ನೋಡಿ. ಹಿತ್ತಾಳೆಯ ಹಳದಿ ಹೊಳಪು ಕಾಣಬೇಕು.

ಹೊಸ ಚರ್ಮದ ವಾಷರನ್ನು ಅರ್ಧ ಗಂಟೆ ಎಂಜಿನ್ ಆಯಿಲಿನಲ್ಲಿ ನೆನೆಸಿ ಹಾಕಿ. ಒಣ ಚರ್ಮ ಬಿಗಿಯುವಾಗ ಸೀಳುತ್ತದೆ. ಚರ್ಮದ್ದು ಸಿಗದಿದ್ದರೆ ಅದೇ ಅಳತೆಯ ಮೆತ್ತನೆಯ ತಾಮ್ರದ ವಾಷರ್ ಆಗುತ್ತದೆ.

ಇಲ್ಲಿ ಟೆಫ್ಲಾನ್ ಟೇಪ್ ಬೇಡವೇ ಬೇಡ. ವಾಷರ್ ಮೇಲೆ ಕೂರುವ ನೇರ ಥ್ರೆಡ್ಡಿಗೆ ಟೇಪಿನಿಂದ ಪ್ರಯೋಜನವಿಲ್ಲ, ಹಾನಿ ಇದೆ. ಗೇಜ್ ಬಾಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತಿನ ತಡೆ ಇರಬಹುದು. ಮುಳ್ಳು ನಡುಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಕಡಿದು ಹೋದ ಟೇಪಿನ ಒಂದು ಎಳೆ ಸಾಕು, ಆ ತೂತು ಮುಚ್ಚಿ ಒಳ್ಳೆಯ ಗೇಜ್ ಸತ್ತಂತೆ ಬೀಳುತ್ತದೆ. ತೂತು ತೆರೆಯಲು ಗಿಟಾರಿನ ತೆಳು ತಂತಿ ಬಳಸಿ, ಡ್ರಿಲ್ ಹಾಕಬೇಡಿ. ತೆಳು ತಂತಿಯನ್ನೂ ಕೆಲವು ಮಿಲಿಮೀಟರಿಗಿಂತ ಆಳಕ್ಕೆ ತಳ್ಳಬೇಡಿ.

ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು. ಒಂದು ಗೇಜಿನ ಮೂತಿಯನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟು ತಿರುಗಿಸಲು. ಒಂದರಿಂದಲೇ ಬಿಗಿದರೆ ಮೂತಿಯೂ ತಿರುಗಿ, ಒಳಗೆ ಬೆಸುಗೆಯಾಗಿರುವ ಬೂರ್ದೋನ್ ಕೊಳವೆ ಹರಿಯುತ್ತದೆ. ಆಮೇಲೆ ಗಾಜಿನ ಹಿಂದೆ ಆಯಿಲ್ ತುಂಬುತ್ತದೆ. ಇಂಚಿನ ನಟ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಬೇಡಿ, ಮೆತ್ತನೆಯ ಹಿತ್ತಾಳೆಯ ಮೂಲೆಗಳು ಸವೆದು ಉಂಡೆಯಾಗುತ್ತವೆ. ಕೈಯಿಂದ ಪೂರ್ತಿ ಕೂರಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು.

ಜೋಡಿ ಗೇಜಿನ ಇನ್ನೊಂದು ಅಪಾಯ ಉಷ್ಣತೆಯ ಕಡೆಯದು. ಸಿಲಿಂಡರ್ ಹೆಡ್‌ನಿಂದ ಬರುವ ತಂತಿಯಂಥ ಸಪೂರ ಕೊಳವೆಯ ಒಳಗೆ ಬೇಗ ಆವಿಯಾಗುವ ದ್ರವ ತುಂಬಿ ಮುಚ್ಚಿರುತ್ತದೆ. ಗೇಜ್ ತುದಿಯಲ್ಲಿ ಅದು ಬಿಚ್ಚಿಕೊಳ್ಳುವುದಿಲ್ಲ. ಆಯಿಲ್ ಪೈಪ್ ಬಿಚ್ಚುವ ಅವಸರದಲ್ಲಿ ಗೇಜನ್ನು ಹೊರಗೆ ಎಳೆದರೆ ಆ ಕೊಳವೆ ಮಡಚಿ ಮುರಿಯುತ್ತದೆ, ಅರ್ಧ ಗೇಜ್ ಅಲ್ಲಿಗೆ ಹೋಯಿತು. ಗೇಜನ್ನು ಪೂರ್ತಿ ತೆಗೆಯಲೇಬೇಕಿದ್ದರೆ ರೇಡಿಯೇಟರ್ ನೀರನ್ನು ಹೆಡ್ ಮಟ್ಟಕ್ಕಿಂತ ಕೆಳಗೆ ಇಳಿಸಿ, ಕೊಳವೆಯ ತುದಿಯಲ್ಲಿ ಉಷ್ಣತೆ ಗ್ರಹಿಸುವ ಬಲ್ಬನ್ನು ಹೆಡ್‌ನಿಂದ ಬಿಡಿಸಿ, ಕೊಳವೆಯನ್ನು ದೊಡ್ಡ ಸುರುಳಿಯಾಗಿ ಹಿಡಿದು ಗೇಜಿನ ಜೊತೆಗೇ ಹೊರತನ್ನಿ. ಬಲ್ಬಿನ ನಟ್ಟು ತಿರುಗುವಾಗ ಕೊಳವೆಯೂ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ. ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ.

ಥ್ರೆಡ್ ಗೊಂದಲ

ಸ್ಮಿತ್ಸ್ ಗೇಜಿನ ಮೂತಿಯದು 1/8 ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಥ್ರೆಡ್. ಪೇಟೆಯಲ್ಲಿ ಸಿಗುವ ಹೊಸ ಗೇಜ್ ಕಿಟ್‌ಗಳಲ್ಲಿ ಹಲವು 1/8 ಇಂಚು ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್), ಇಂಚಿಗೆ 27. ಮೂರನೆಯದು ಮೆಟ್ರಿಕ್ ಎಂ10, 1 ಮಿಲಿಮೀಟರ್ ಪಿಚ್. ಮೂರೂ ಕಣ್ಣಿಗೆ ಒಂದೇ, ಮೂರೂ ಎರಡು ಸುತ್ತು ಸಲೀಸಾಗಿ ಹೋಗುತ್ತವೆ. ಆಮೇಲೆ ಹಿಡಿಯುತ್ತದೆ. "ಸ್ವಲ್ಪ ಬಿಗಿ ಇದೆ" ಎಂದು ಬಲ ಹಾಕಿದಿರೋ, ಹಿತ್ತಾಳೆ ಸೀಳುತ್ತದೆ ಅಥವಾ ಬ್ಲಾಕ್‌ನ ಥ್ರೆಡ್ ಹಾಳಾಗುತ್ತದೆ. ಬೆರಳಿನಿಂದಲೇ ನಾಲ್ಕು ಸುತ್ತು ಹೋಗದ ಫಿಟ್ಟಿಂಗ್ ಅಲ್ಲಿಯದಲ್ಲ. ಕ್ಯಾಲಿಪರ್ ಇದ್ದರೆ ಹೊರ ಅಳತೆ ನೋಡಿ: ಬಿಎಸ್‌ಪಿ ಸುಮಾರು 9.7 ಮಿಲಿಮೀಟರ್, ಎನ್‌ಪಿಟಿ 10.2ರ ಆಸುಪಾಸು. ಬೇಕಾದ ಅಡಾಪ್ಟರ್ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಹಿತ್ತಾಳೆಯಲ್ಲಿ ಮಾಡಿಸಿಕೊಳ್ಳಬಹುದು. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯಲ್ಲಿ ಹಳೆಯ ಫಿಟ್ಟಿಂಗನ್ನೇ ಕೈಯಲ್ಲಿ ಹಿಡಿದು ಹೋಗಿ ಕೇಳಿ. ಬಾಯಲ್ಲಿ ಅಳತೆ ಹೇಳಿ ತಂದದ್ದು ಸಾಮಾನ್ಯವಾಗಿ ತಪ್ಪಾಗಿರುತ್ತದೆ.

ಪೈಪ್ ಆರಿಸುವುದು, ಎಳೆಯುವುದು

ಕಿಟ್ ಜೊತೆ ಬರುವ ನೈಲಾನ್ ನಳಿಕೆ ಅಗ್ಗ, ಆದರೆ ಎಕ್ಸಾಸ್ಟ್ ಹತ್ತಿರ ಹೋದರೆ ಮೆತ್ತಗಾಗುತ್ತದೆ, ವರ್ಷಗಳಲ್ಲಿ ಗರಿಗರಿಯಾಗಿ ಒಡೆಯುತ್ತದೆ. ಕಾಲಿನ ಮೇಲೆ 60 ಪಿಎಸ್‌ಐ ಒತ್ತಡದ ಬಿಸಿ ಆಯಿಲ್ ಚಿಮ್ಮುವುದು ಸಣ್ಣ ವಿಷಯವಲ್ಲ. ಡ್ಯಾಶ್ ಒಳಗೆ ತಾಮ್ರ ಅಥವಾ ಸ್ಟೀಲ್ ಹೆಣಿಗೆಯ ಹೋಸ್ ಹಾಕಿ. ಆದರೆ ತಾಮ್ರವನ್ನು ಬ್ಲಾಕ್‌ನಿಂದ ನೇರವಾಗಿ ಗೇಜಿಗೆ ಎಳೆಯಬೇಡಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ತೂಗಾಡುತ್ತದೆ, ಬಾಡಿ ತೂಗಾಡುವುದಿಲ್ಲ. ನಡುವೆ ಸಿಕ್ಕ ತಾಮ್ರ ಅಲುಗಿ ಅಲುಗಿ ಗಡುಸಾಗಿ ನಟ್ಟಿನ ಬುಡದಲ್ಲಿ ಬಿರಿಯುತ್ತದೆ. ಮೂಲ ಕಾರಿನಲ್ಲಿ ರಬ್ಬರ್ ಹೋಸ್ ಇಟ್ಟಿದ್ದೇ ಇದಕ್ಕೆ.

ಹಳೆಯ ತಾಮ್ರದ ಪೈಪನ್ನೇ ಮತ್ತೆ ಹಾಕುವುದಾದರೆ ಬಾಗಿಸುವ ಮೊದಲು ಅದನ್ನು ಕಾರಿನಿಂದ ಹೊರಗೆ ತಂದು ಮಬ್ಬು ಕೆಂಪಾಗುವವರೆಗೆ ಕಾಯಿಸಿ ತಣಿಸಿದರೆ ಮೆತ್ತಗಾಗುತ್ತದೆ. ಬೆಸುಗೆ ಹಾಕಿದ ತುದಿಗಳಿಗೆ ಬೆಂಕಿ ತಾಗದಿರಲಿ. ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಲೇಬೇಕು. ಡ್ಯಾಶ್ ಹಿಂದೆ ಸ್ವಿಚ್‌ಗಳ ತೆರೆದ ಟರ್ಮಿನಲ್‌ಗಳಿಂದ ಪೈಪ್ ದೂರವಿರಲಿ. ಲೋಹದ ಪೈಪ್ ಕರೆಂಟಿರುವ ಟರ್ಮಿನಲ್‌ಗೆ ತಾಗಿದರೆ ತೂತು ಸುಟ್ಟು, ಆಯಿಲೂ ಕಿಡಿಯೂ ಒಂದೇ ಜಾಗದಲ್ಲಿ ಸೇರುತ್ತವೆ.

ಗೇಜನ್ನು ಹೊರಗೆ ಪರೀಕ್ಷಿಸಲು

ಗೇಜ್ ಬಾಯಿಗೆ ಆಯಿಲ್ ಬರುತ್ತಿದ್ದೂ ಮುಳ್ಳು ಏಳದಿದ್ದರೆ ಟೈರಿಗೆ ಗಾಳಿ ಹೊಡೆಯುವ ಪಂಪ್ ಸಾಕು. ಗೇಜ್ ಮೂತಿಗೆ ಅಡಾಪ್ಟರ್ ಹಾಕಿ ಸಣ್ಣ ಹೋಸ್, ಕ್ಲಿಪ್ ಬಿಗಿದು, ಮೀಟರಿರುವ ಪಂಪಿನಿಂದ 20, 40, 60 ಎಂದು ಏರಿಸಿ, ಹಾಗೆಯೇ ಇಳಿಸಿ. 80 ದಾಟಿಸಬೇಡಿ. ಒತ್ತಡ ತಾನಾಗಿ ಕುಸಿಯುತ್ತಿದ್ದು ಹೊರಗಿನ ಜಾಯಿಂಟ್‌ಗಳಲ್ಲಿ ಸೋಪಿನ ನೀರು ಗುಳ್ಳೆ ಏಳಿಸದಿದ್ದರೆ ಗೇಜ್ ಒಳಗಿನ ಕೊಳವೆ ಸೋರುತ್ತಿದೆ. ಏರುವಾಗ 40ಕ್ಕೆ ಒಂದು ಜಾಗ, ಇಳಿಯುವಾಗ ಇನ್ನೊಂದು ಜಾಗ ತೋರಿಸಿದರೆ ಕೊಂಡಿ ಅಂಟುತ್ತಿದೆ. ಒತ್ತಡ ಇಲ್ಲದಾಗಲೂ ಮುಳ್ಳು 10ರಲ್ಲಿ ನಿಂತರೆ ಕೊಳವೆ ಹಿಂದೊಮ್ಮೆ ಅತಿ ಒತ್ತಡಕ್ಕೆ ಸಿಕ್ಕಿ ಹಿಗ್ಗಿದೆ. ಮುಳ್ಳನ್ನು ಕಿತ್ತು ಸೊನ್ನೆಗೆ ಕೂರಿಸಿದರೆ ಸೊನ್ನೆ ಸರಿಯಾಗುತ್ತದೆ, ಮೇಲಿನ ಅಂಕಿಗಳು ಸರಿಯಾಗುವುದಿಲ್ಲ. ಗೇಜ್ ರಿಪೇರಿ ಬಲ್ಲವರಿಗೇ ಕೊಡಿ.

ಮುಳ್ಳು ಎದ್ದಿದೆ, ಆದರೆ ನಡತೆ ಸರಿಯಿಲ್ಲ

ಏಳುವುದೂ ನಿಧಾನ, ಎಂಜಿನ್ ಆಫ್ ಮಾಡಿದ ಮೇಲೆ ಇಳಿಯುವುದೂ ನಿಧಾನ ಎಂದರೆ ಪೈಪ್ ಅಥವಾ ಗೇಜ್ ಬಾಯಿ ಅರ್ಧ ಕಟ್ಟಿದೆ. ಏಳುವುದು ಮಾತ್ರ ನಿಧಾನ, ಇಳಿಯುವುದು ಚುರುಕು ಎಂದರೆ ಎಂಜಿನ್ ಕಡೆ ನೋಡಿ. ಫಿಲ್ಟರ್ ತಲೆಕೆಳಗಾಗಿ ಕೂರುವ ಎಂಜಿನ್‌ಗಳಲ್ಲಿ ರಾತ್ರಿ ಆಯಿಲ್ ಹಿಂದೆ ಇಳಿದುಹೋಗಿ ಬೆಳಿಗ್ಗೆ ಮತ್ತೆ ತುಂಬಬೇಕಾಗುತ್ತದೆ. ಹಿಂತಡೆ ವಾಲ್ವ್ ಇರುವ ಒಳ್ಳೆಯ ಫಿಲ್ಟರ್ ಹಾಕಿ.

ತಿರುವಿನಲ್ಲಿ ಮುಳ್ಳು ದಬಕ್ಕನೆ ಬಿದ್ದು ಏಳುತ್ತಿದ್ದರೆ ಆಯಿಲ್ ಕಡಿಮೆ ಇದೆ, ಪಂಪ್ ಗಾಳಿ ಎಳೆಯುತ್ತಿದೆ.

ಸದಾ ಕಡಿಮೆ ತೋರಿಸಿದರೆ ಎಂಜಿನ್ ಬಿಚ್ಚುವ ಮಾತಿಗೆ ಮುನ್ನ ಎರಡು ಕೆಲಸ ಮಾಡಿ. ಒಂದು, 0ದಿಂದ 100 ಪಿಎಸ್‌ಐ ತೋರಿಸುವ, ಸರಿಯೆಂದು ಗೊತ್ತಿರುವ ಇನ್ನೊಂದು ಗೇಜನ್ನು ಬ್ಲಾಕ್‌ಗೆ ನೇರವಾಗಿ ಹಾಕಿ ತಾಳೆ ನೋಡಿ. ಎರಡು, ಅದೂ ಕಡಿಮೆಯೇ ತೋರಿಸಿದರೆ ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆಗೆಯಿರಿ. ಎಂಜಿನ್ನಿನ ಎಡಬದಿ ಹಿಂಭಾಗದಲ್ಲಿ ಗುಮ್ಮಟದಂಥ ತಲೆಯ ನಟ್ಟು, ಅದರ ಹಿಂದೆ ಸ್ಪ್ರಿಂಗ್ ಮತ್ತು ಪ್ಲಂಜರ್. ಪ್ಲಂಜರ್ ಅಂಚಿನಲ್ಲಿ ಒಂದು ಕಣ ಕಸ ಸಿಕ್ಕಿಕೊಂಡರೂ ಬಾಯಿ ಪೂರ್ತಿ ಮುಚ್ಚದೆ ಒತ್ತಡವೆಲ್ಲ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಹೋಗುತ್ತದೆ. ಒರೆಸಿ, ಕೂರುವ ಜಾಗ ನೋಡಿ, ಸ್ಪ್ರಿಂಗ್ ಅಳೆಯಿರಿ. ಒತ್ತಡವಿಲ್ಲದಾಗ 3 ಇಂಚು, ಅಂದರೆ 76 ಮಿಲಿಮೀಟರ್ ಇರಬೇಕು. ಗಿಡ್ಡವಾಗಿದ್ದರೆ ಹೊಸದು ಹಾಕಿ. ವಾಷರ್ ಸೇರಿಸಿ ಸ್ಪ್ರಿಂಗ್ ಬಿಗಿ ಮಾಡುವ ಉಪಾಯ ಬೇಡ. ಸವೆದ ಬೇರಿಂಗಿನ ಮೇಲೆ ಅದರಿಂದ ಡಯಲ್ ಸುಂದರವಾಗುತ್ತದೆಯೇ ಹೊರತು ಬೇರಿಂಗ್ ಸರಿಯಾಗುವುದಿಲ್ಲ.

ಅಂಬಾಸಿಡರ್ ಇದ್ದವರಿಗೆ

ಆಯಿಲ್ ದೀಪದ ಸ್ವಿಚ್ ಇರುವ ಕಾರಿನಲ್ಲಿ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಪೈಪ್ ಹಾಕಬೇಡಿ. ದೀಪವೂ ಉಳಿಯಲಿ. ಟಿ ಫಿಟ್ಟಿಂಗ್ ಹಾಕಿ ಒಂದು ಕಡೆ ಸ್ವಿಚ್, ಇನ್ನೊಂದು ಕಡೆ ಪೈಪ್ ಕೊಡಿ. ಆದರೆ ಟಿ, ಸ್ವಿಚ್, ಅಡಾಪ್ಟರ್ ಎಲ್ಲವೂ ಒಂದರ ಹಿಂದೊಂದು ಬ್ಲಾಕ್‌ನಿಂದ ಉದ್ದಕ್ಕೆ ಚಾಚಿಕೊಂಡರೆ ಆ ಭಾರ ಅದುರಿ ಬುಡದ ಹಿತ್ತಾಳೆ ಮುರಿಯುತ್ತದೆ. ಬ್ಲಾಕ್‌ಗೆ ಗಿಡ್ಡ ಹೋಸ್ ಹಾಕಿ, ಟಿಯನ್ನು ಫೈರ್‌ವಾಲಿಗೆ ಕ್ಲ್ಯಾಂಪ್ ಮಾಡುವುದು ಒಳ್ಳೆಯದು. ಸ್ವಿಚ್ ತನ್ನ ಮೈಯಿಂದಲೇ ಅರ್ತ್ ಪಡೆಯುವುದರಿಂದ, ಹೋಸ್ ಆಚೆ ಹೋದ ಟಿಗೆ ಬಾಡಿಯಿಂದ ಒಂದು ಅರ್ತ್ ವೈರ್ ಕೊಡಿ. ಇಲ್ಲದಿದ್ದರೆ ದೀಪ ಎಂದೂ ಉರಿಯುವುದಿಲ್ಲ.

ಜೋಡಿಸಿದ ಮೇಲೆ

ಎಂಜಿನ್ ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿ, ಮೂರೂ ಜಾಯಿಂಟ್‌ಗಳನ್ನು ಬಿಳಿ ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಬೆರಳಿಗೆ ತಿಳಿಯದ ಜಿನುಗು ಕಾಗದದ ಮೇಲೆ ಕಂದು ಚುಕ್ಕೆಯಾಗಿ ಕಾಣುತ್ತದೆ. 50 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಒರೆಸಿ, ಚರ್ಮದ ವಾಷರ್ ಅಷ್ಟರಲ್ಲಿ ಕೂತಿರುತ್ತದೆ, ಎರಡು ಸ್ಪ್ಯಾನರ್ ಹಿಡಿದು ಕೂದಲೆಳೆಯಷ್ಟು ಬಿಗಿಯಿರಿ. ಬಿಸಿ ಐಡ್ಲಿಂಗ್‌ನಲ್ಲಿ ಎಷ್ಟು, ಓಡುವಾಗ ಎಷ್ಟು ಎಂದು ದಿನಾಂಕದೊಡನೆ ಬರೆದಿಡಿ.

ಡಿಕ್ಕಿಯಲ್ಲಿ ಬ್ಲಾಕ್‌ನ ರಂಧ್ರದ ಥ್ರೆಡ್ಡಿಗೆ ಹೊಂದುವ ಒಂದು ಮುಚ್ಚುವ ಪ್ಲಗ್, ಎರಡು ತಾಮ್ರದ ವಾಷರ್, ಒಂದು ಲೀಟರ್ ಆಯಿಲ್ ಇಟ್ಟಿರಿ. ದಾರಿಯಲ್ಲಿ ಪೈಪ್ ಒಡೆದರೆ ಬ್ಲಾಕ್‌ನ ರಂಧ್ರವನ್ನು ಪ್ಲಗ್ ಹಾಕಿ ಮುಚ್ಚಿ, ಆಯಿಲ್ ಮಟ್ಟ ತುಂಬಿ, ಹತ್ತಿರದ ಗ್ಯಾರೇಜಿನವರೆಗೆ ಮೆಲ್ಲಗೆ ಹೋಗಬಹುದು. ಪ್ಲಗ್ ಇಲ್ಲದಿದ್ದರೆ ತಾಮ್ರದ ಪೈಪನ್ನು ಒಡೆದ ಜಾಗಕ್ಕಿಂತ ಎಂಜಿನ್ ಕಡೆಗೆ ಕತ್ತರಿಸಿ, ತುದಿಯನ್ನು ಎರಡು ಸಲ ಮಡಚಿ ಇಕ್ಕಳದಿಂದ ಬಲವಾಗಿ ಒತ್ತಿ. ಎಂಜಿನ್ ಓಡಿಸಿ ಒಂದು ನಿಮಿಷ ಅದನ್ನೇ ನೋಡುತ್ತಿರಿ. ಹನಿ ಬೀಳದಿದ್ದರೆ ಮಾತ್ರ ಹೊರಡಿ, ಐದು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿ.